‘ನೌಕಾಪಡೆ’: ಒಂದು ಪದದ ಅರ್ಥವ್ಯಾಪ್ತಿ ಮತ್ತು ಚರಿತ್ರೆಯ ಬರವಣಿಗೆ

ಪ್ರಸ್ತಾವನೆ

ಕರ್ನಾಟಕದ ಇತಿಹಾಸವನ್ನು ಕುರಿತ ಬರವಣಿಗೆಯಲ್ಲಿ ‘ನೌಕಾಪಡೆ’ ಎಂಬ ಪದ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಬಾದಾಮಿ ಚಾಲುಕ್ಯರ ನೌಕಾಪಡೆ, ಗೋವೆಯ ಕದಂಬರ ನೌಕಾಪಡೆ, ಹೊನ್ನಾವರದ ನೌಕಾಪಡೆ, ಹೈದರ್ ಅಲಿಯ ನೌಕಾಪಡೆ ಎಂದು ಸುಮಾರು 1200 ವರ್ಷಗಳ ಅವಧಿಯ ಬೇರೆ ಬೇರೆ ವ್ಯವಸ್ಥೆಗಳಿಗೆಲ್ಲ ಈ ಒಂದೇ ಹೆಸರನ್ನು ಕೊಡಲಾಗಿದೆ. ಓದುಗನ ಮನಸ್ಸಿನಲ್ಲಿ ಈ ಪದ ಮೂಡಿಸುವ ಚಿತ್ರವಾದರೋ ಇಂದಿನದು: ರಾಜ್ಯದ ಖರ್ಚಿನಲ್ಲಿ ಸದಾ ಸಜ್ಜಾಗಿರುವ ಯುದ್ಧದ ಹಡಗುಗಳು, ಸಂಬಳ ಪಡೆಯುವ ನಾವಿಕರು, ಪ್ರತ್ಯೇಕ ಅಧಿಕಾರಿವರ್ಗ, ನೆಲೆಗಳು ಮತ್ತು ಹಡಗುಕಟ್ಟೆಗಳು. ಆಧಾರಗ್ರಂಥಗಳೂ ಶಾಸನಗಳೂ ಹೇಳುವುದು ಇದನ್ನೇ ಆಗಿದೆಯೆ ಎಂಬುದು ಬೇರೆಯೇ ಪ್ರಶ್ನೆ.

ಕಡಲಿನ ಬಲವನ್ನು ಸೂಚಿಸಲು ನಮ್ಮ ಆಕರಗಳು ಯಾವ ಯಾವ ಪದಗಳನ್ನು ಬಳಸಿವೆ, ಅವುಗಳ ಅರ್ಥವೇನು, ಆ ಪದಗಳೆಲ್ಲ ‘ನೌಕಾಪಡೆ’ ಎಂಬ ಒಂದು ಮಾತಿನಲ್ಲಿ ಅಡಗಿದಾಗ ಏನು ಕಳೆದುಹೋಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಪ್ರಶ್ನೆಗೆ ಎರಡು ಮುಖಗಳಿವೆ. ಒಂದು ಕಡೆ, ಹಡಗುಗಳ ಒಂದೊಂದು ಉಲ್ಲೇಖವನ್ನೂ ‘ನೌಕಾಪಡೆ’ ಎಂದು ಕರೆದು ಇಲ್ಲದ ಸಂಸ್ಥೆಯೊಂದನ್ನು ಕಲ್ಪಿಸಿಕೊಳ್ಳುವ ಅಪಾಯವಿದೆ. ಇನ್ನೊಂದು ಕಡೆ, ಅಂಥ ಸಂಸ್ಥೆ ಇರಲಿಲ್ಲವೆಂಬ ಕಾರಣಕ್ಕೆ ಕನ್ನಡ ನಾಡಿನ ಅರಸರಿಗೆ ಕಡಲಿನ ಪರಿವೆಯೇ ಇರಲಿಲ್ಲವೆಂದು ತೀರ್ಮಾನಿಸುವ ಅಪಾಯವೂ ಇದೆ. ಆಕರಗಳ ಪದಗಳನ್ನು ಅವುಗಳ ಕಾಲದಲ್ಲಿಟ್ಟು ಓದಿದರೆ ಇವೆರಡನ್ನೂ ತಪ್ಪಿಸಬಹುದು.

ಪದದ ರಚನೆ

‘ನೌಕಾಪಡೆ’ ಎಂಬುದು ಸಂಸ್ಕೃತ ಮತ್ತು ಕನ್ನಡ ಪದಗಳು ಸೇರಿ ಆದ ಸಮಾಸ. ಇದರ ಪೂರ್ವಪದವಾದ ‘ನೌಕಾ’ ಎಂಬುದಕ್ಕೆ ಮೂಲ ‘ನೌ’. ಇದು ಋಗ್ವೇದದ ಕಾಲದಿಂದಲೂ ಬಳಕೆಯಲ್ಲಿರುವ ಪದ. ಗ್ರೀಕ್ ಭಾಷೆಯ ‘ನೌಸ್’, ಲ್ಯಾಟಿನ್ ಭಾಷೆಯ ‘ನಾವಿಸ್’ ಇದರ ಸೋದರ ರೂಪಗಳು. ಇಂಗ್ಲಿಷಿನ ‘ನೇವಿ’ ಎಂಬುದು ಈ ಲ್ಯಾಟಿನ್ ರೂಪದಿಂದಲೇ ಬೆಳೆದು ಬಂದಿದೆ. ‘ಕ’ ಪ್ರತ್ಯಯ ಸೇರಿದ ‘ನೌಕಾ’ ಎಂಬುದಕ್ಕೆ ಸಂಸ್ಕೃತದಲ್ಲಿ ಚಿಕ್ಕ ದೋಣಿ ಎಂಬ ಅರ್ಥವೂ ಇದೆ. ಕನ್ನಡದ ‘ನಾವೆ’ ಇದೇ ಮೂಲಕ್ಕೆ ಸೇರಿದ್ದು.

ಉತ್ತರಪದವಾದ ‘ಪಡೆ’ ಅಚ್ಚಕನ್ನಡದ್ದು. ತಮಿಳಿನ ‘ಪಡೈ’ ಇದಕ್ಕೆ ಜ್ಞಾತಿ. ಹಳಗನ್ನಡದಲ್ಲಿ ಸೈನ್ಯ ಎಂಬ ಅರ್ಥದಲ್ಲಿ ಇದು ಧಾರಾಳವಾಗಿ ಬಳಕೆಯಾಗಿದೆ. ‘ಪಡೆವಳ’ ಎಂದರೆ ಪಡೆಯ ಮುಖಂಡ. ಹಡಗನ್ನು ಸೂಚಿಸುವ ದೇಶ್ಯ ಪದ ‘ಪಡಗು’. ನಡುಗನ್ನಡದ ಹೊತ್ತಿಗೆ ಮೊದಲ ಪಕಾರ ಹಕಾರವಾಗಿ ಅದು ‘ಹಡಗು’ ಎಂದಾಯಿತು. ಇದರ ಜೊತೆಗೆ ಸಂಸ್ಕೃತದ ‘ವಹಿತ್ರ’ದಿಂದ ಬಂದ ‘ಬಹಿತ್ರ’ ಕಾವ್ಯಗಳಲ್ಲಿ ಬಳಕೆಗೊಂಡಿದೆ. ಕರಾವಳಿಯ ಜನರ ಬಾಯಲ್ಲಿ ದೋಣಿ, ಓಡ, ಮಚವೆ, ಮಂಜಿ, ಪತ್ತೆಮಾರಿ ಮೊದಲಾದ ಹೆಸರುಗಳು ಉಳಿದುಬಂದಿವೆ. ಹಡಗಿಗೆ ಇಷ್ಟು ಹೆಸರುಗಳಿರುವ ಭಾಷೆಯಲ್ಲಿ, ಹಡಗುಗಳ ಸೈನ್ಯವನ್ನು ಸೂಚಿಸುವ ಪದ ಮಾತ್ರ ಆಧುನಿಕ ಕಾಲದಲ್ಲಿ ನೆಲೆಗೊಂಡಿತೆಂಬುದು ಗಮನಾರ್ಹ. ಇದು ಶಬ್ದಸಂಪತ್ತಿನ ಬಡತನದಿಂದ ಆದುದಲ್ಲ. ಕಡಲಿನ ಮೇಲಿನ ಯುದ್ಧಬಲವನ್ನು ರಾಜ್ಯವು ಯಾವ ರೀತಿಯಲ್ಲಿ ಕಲ್ಪಿಸಿಕೊಂಡಿತ್ತು ಎಂಬುದರಲ್ಲಿ ಇದರ ಕಾರಣವನ್ನು ಹುಡುಕಬೇಕಾಗುತ್ತದೆ.

ಶಾಸ್ತ್ರ ಮತ್ತು ನಿಘಂಟುಗಳಲ್ಲಿ

ಪ್ರಾಚೀನ ಭಾರತದಲ್ಲಿ ಸೈನ್ಯವೆಂದರೆ ಚತುರಂಗ ಬಲ: ರಥ, ಗಜ, ತುರಗ, ಪದಾತಿ. ಈ ಕಲ್ಪನೆ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಅಮರಕೋಶದ ವ್ಯವಸ್ಥೆಯೇ ತೋರಿಸುತ್ತದೆ. ಸೈನ್ಯವಾಚಕ ಪದಗಳೂ ಅದರ ನಾಲ್ಕು ಅಂಗಗಳೂ ಅಲ್ಲಿ ಕ್ಷತ್ರಿಯವರ್ಗದಲ್ಲಿ ಬರುತ್ತವೆ. ‘ನೌ’, ‘ತರಣಿ’, ‘ತರಿ’ ಮೊದಲಾದ ಹಡಗಿನ ಹೆಸರುಗಳು ಬರುವುದು ವಾರಿವರ್ಗದಲ್ಲಿ, ಅಂದರೆ ನೀರಿಗೆ ಸಂಬಂಧಿಸಿದ ಪದಗಳ ನಡುವೆ. ಹಡಗಿನ ವ್ಯಾಪಾರಿ, ಚುಕ್ಕಾಣಿ ಹಿಡಿಯುವವನು, ಬೆಸ್ತ ಮುಂತಾದವರನ್ನು ಸೂಚಿಸುವ ಪದಗಳು ಅದರ ನೆರೆಯಲ್ಲಿವೆ. ನಿಘಂಟುಕಾರನ ದೃಷ್ಟಿಯಲ್ಲಿ ಹಡಗು ವಣಿಕನ ಮತ್ತು ಬೆಸ್ತನ ಲೋಕಕ್ಕೆ ಸೇರಿದುದೇ ಹೊರತು ಸೇನಾಪತಿಯ ಲೋಕಕ್ಕೆ ಸೇರಿದುದಲ್ಲ.

ಇದಕ್ಕೆ ಅಪವಾದಗಳಿಲ್ಲದೆ ಇಲ್ಲ. ಮಹಾಭಾರತದ ಶಾಂತಿಪರ್ವವು ಬಲಕ್ಕೆ ಎಂಟು ಅಂಗಗಳನ್ನು ಹೇಳುತ್ತದೆ. ಪರಿಚಿತವಾದ ನಾಲ್ಕರ ಜೊತೆಗೆ ವಿಷ್ಟಿ, ನಾವೆ, ಚಾರರು ಮತ್ತು ದಾರಿ ತೋರುವ ದೇಶಿಕರು ಅಲ್ಲಿ ಸೇರಿದ್ದಾರೆ. ಆದರೆ ನಾವೆಯ ನೆರೆಹೊರೆಯನ್ನು ಗಮನಿಸಬೇಕು. ಬಿಟ್ಟಿ ದುಡಿಮೆ, ಬೇಹುಗಾರಿಕೆ ಮತ್ತು ಮಾರ್ಗದರ್ಶನಗಳ ಸಾಲಿನಲ್ಲಿ ಅದು ಸೈನ್ಯವನ್ನು ಸಾಗಿಸುವ ಉಪಕರಣವಾಗಿ ನಿಂತಿದೆ.

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ‘ನಾವಧ್ಯಕ್ಷ’ನೆಂಬ ಅಧಿಕಾರಿಯಿದ್ದಾನೆ. ಇವನನ್ನು ನೌಕಾಪಡೆಯ ಮುಖ್ಯಸ್ಥನೆಂದು ಭಾಷಾಂತರಿಸಿದವರುಂಟು. ಅವನ ಕರ್ತವ್ಯಗಳ ಪಟ್ಟಿ ಬೇರೆಯದನ್ನೇ ಹೇಳುತ್ತದೆ. ಕಡಲ ದಂಡೆಯ ಮತ್ತು ನದೀತೀರದ ಹಳ್ಳಿಗಳಿಂದ ತೆರಿಗೆ ಎತ್ತುವುದು, ಮೀನುಗಾರರಿಂದಲೂ ಮುತ್ತು ಶಂಖಗಳನ್ನು ತೆಗೆಯುವವರಿಂದಲೂ ಪಾಲು ಪಡೆಯುವುದು, ದೋಣಿಗಂಡಿಗಳನ್ನು ನಡೆಸುವುದು, ಬಂದರಿನ ಕಟ್ಟಳೆಗಳನ್ನು ಪಾಲಿಸುವಂತೆ ಮಾಡುವುದು, ಬಿರುಗಾಳಿಗೆ ಸಿಕ್ಕಿ ಬಂದ ಹಡಗನ್ನು ತಂದೆಯಂತೆ ಆದರಿಸುವುದು ಅವನ ಕೆಲಸಗಳು. ದರೋಡೆಕೋರರ ಹಡಗುಗಳನ್ನೂ ವೈರಿಯ ನಾಡಿಗೆ ಹೋಗುವ ಹಡಗುಗಳನ್ನೂ ನಾಶಮಾಡುವ ಅಧಿಕಾರ ಅವನಿಗಿದೆ, ನಿಜ. ಆದರೆ ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನು ಬಂದರು ಇಲಾಖೆ, ಸುಂಕದ ಇಲಾಖೆ ಮತ್ತು ಕರಾವಳಿ ಕಾವಲು ಪಡೆಗಳ ಕೆಲಸವನ್ನು ಒಟ್ಟಿಗೆ ನೋಡಿಕೊಳ್ಳುವ ಅಧಿಕಾರಿ. ಗಜಾಧ್ಯಕ್ಷ, ಅಶ್ವಾಧ್ಯಕ್ಷರಿಗಿರುವ ಯುದ್ಧಸಂಬಂಧ ಅವನಿಗೆ ಮುಖ್ಯವಲ್ಲ.

‘ನೌಬಲ’ ಎಂಬ ಸ್ಪಷ್ಟ ಪದ ದೊರೆಯುವುದು ಬಂಗಾಳದ ಪಾಲ ಅರಸರ ತಾಮ್ರಶಾಸನಗಳಲ್ಲಿ. ಆನೆ, ಕುದುರೆ, ಒಂಟೆಗಳ ಜೊತೆಯಲ್ಲಿ ನೌಬಲದ ಮೇಲ್ವಿಚಾರಣೆ ನಡೆಸುವ ಅಧಿಕಾರಿಯನ್ನು ಅವು ಹೆಸರಿಸುತ್ತವೆ. ಕಾಳಿದಾಸನ ರಘುವಂಶದಲ್ಲಿಯೂ ಹಡಗುಗಳನ್ನೇ ಯುದ್ಧಸಾಧನವಾಗಿ ಉಳ್ಳವರು ವಂಗದೇಶದವರು. ಕಾರಣ ಸ್ಪಷ್ಟ. ಗಂಗೆಯ ಕವಲುಗಳ ಆ ನಾಡಿನಲ್ಲಿ ದೋಣಿಯಿಲ್ಲದೆ ಸೈನ್ಯ ಚಲಿಸಲಾರದು. ಹಡಗು ಸೈನ್ಯದ ಅಂಗವೆಂದು ಶಾಸನಭಾಷೆ ಒಪ್ಪಿದುದು ನದಿಗಳ ನಾಡಿನಲ್ಲಿ ಎಂಬುದು ಮುಂದಿನ ಚರ್ಚೆಗೆ ಉಪಯುಕ್ತ. ದಖ್ಖನಿನ ಅರಸರ ರಾಜಧಾನಿಗಳು ಘಟ್ಟದ ಮೇಲಿದ್ದವು. ಕಡಲು ಅವರಿಗೆ ಘಟ್ಟ ಇಳಿದ ಮೇಲೆ ಸಿಗುವ ಎಲ್ಲೆಯಾಗಿತ್ತು.

ಐಹೊಳೆಯ ಶಾಸನ: ವರುಣನ ಬಲ ಮತ್ತು ಮದಗಜಗಳು

ಕರ್ನಾಟಕದ ಕಡಲಬಲದ ಚರ್ಚೆ ಸಾಮಾನ್ಯವಾಗಿ ಆರಂಭವಾಗುವುದು ರವಿಕೀರ್ತಿಯ ಐಹೊಳೆ ಶಾಸನದಿಂದ. ಶಕ 556ರ, ಅಂದರೆ ಕ್ರಿ.ಶ. 634–35ರ ಈ ಸಂಸ್ಕೃತ ಪ್ರಶಸ್ತಿಯಲ್ಲಿ ಕಡಲಿನ ಪ್ರಸಂಗಗಳು ಎರಡಿವೆ.

ಮೊದಲನೆಯದು ಮಂಗಳೇಶನ ರೇವತೀದ್ವೀಪದ ದಾಳಿ. ಇದನ್ನು ಇಂದಿನ ಸಿಂಧುದುರ್ಗ ಜಿಲ್ಲೆಯ ರೇಡಿ ಎಂದು ಗುರುತಿಸಲಾಗಿದೆ. ಬಾವುಟಗಳಿಂದ ಕೂಡಿದ ಅವನ ಸೈನ್ಯ ಕೋಟೆಯನ್ನು ಮುತ್ತಿದಾಗ ಅದರ ಪ್ರತಿಬಿಂಬ ಕಡಲಿನ ನೀರಿನಲ್ಲಿ ಮೂಡಿತು; ಅದು ಅವನ ಮಾತಿಗೆ ಓಗೊಟ್ಟು ಬಂದ ವರುಣನ ಬಲದಂತೆ ಕಂಡಿತು ಎಂಬುದು ಕವಿಯ ವರ್ಣನೆ. ಇಲ್ಲಿನ ‘ವರುಣಬಲ’ ಎಂಬ ಸಮಾಸ ಕಡಲ ಸೈನ್ಯವನ್ನು ಹೆಸರಿಸುವ ಪದವೇ ಹೌದು. ಆದರೆ ಅದು ಅರಸನದಲ್ಲ, ದೇವತೆಯದು. ಅದೂ ಉಪಮಾನವಾಗಿ ಬಂದಿದೆ. ಅರಸನ ಕಡೆ ಇರುವುದು ದಂಡೆಯ ಮೇಲೆ ನಿಂತ ಸೈನ್ಯ; ಕಡಲಿನಲ್ಲಿರುವುದು ಅದರ ನೆರಳು. ಗೆಲುವಿನ ನಂತರ ನಡೆದುದೂ ಇದಕ್ಕೆ ಹೊಂದುತ್ತದೆ. ಶಕ 532ರ ಗೋವೆಯ ತಾಮ್ರಶಾಸನದ ಪ್ರಕಾರ ರೇವತೀದ್ವೀಪದಲ್ಲಿ ನೆಲೆಸಿದ್ದ ಸತ್ಯಾಶ್ರಯ ಧ್ರುವರಾಜ ಇಂದ್ರವರ್ಮನು ಅಲ್ಲಿಂದ ವಿಷಯ–ಮಂಡಲಗಳನ್ನು ಆಳುತ್ತಿದ್ದ ಪ್ರಾಂತಾಧಿಕಾರಿ.

ಎರಡನೆಯದು ಇಮ್ಮಡಿ ಪುಲಿಕೇಶಿಯು ಪುರಿಯನ್ನು ಮುತ್ತಿದ ಪ್ರಸಂಗ. ಪಶ್ಚಿಮ ಸಮುದ್ರದ ಲಕ್ಷ್ಮಿ ಎನಿಸಿದ್ದ ಈ ಪಟ್ಟಣವನ್ನು ಕೆಲವರು ಮುಂಬಯಿ ಸಮೀಪದ ಘಾರಾಪುರಿ ಎಂದೂ ಇನ್ನು ಕೆಲವರು ಜಂಜೀರದ ಬಳಿಯ ರಾಜಪುರಿ ಎಂದೂ ಗುರುತಿಸಿದ್ದಾರೆ. ಇಲ್ಲಿ ಹಡಗುಗಳು ನಿಜವಾಗಿಯೂ ಇವೆ. ಶಾಸನದ ಮಾತು ಬಹುವಚನದಲ್ಲಿದ್ದು ‘ನೂರಾರು ನಾವೆಗಳಿಂದ’ ಎಂಬ ಅರ್ಥವನ್ನು ಕೊಡುತ್ತದೆ. ಜನಪ್ರಿಯ ಬರವಣಿಗೆಗಳಲ್ಲಿ ಇದು ‘ನೂರು ಹಡಗುಗಳ ನೌಕಾಪಡೆ’ ಎಂದಾಗಿರುವುದುಂಟು. ಹೀಗೆ ಹೇಳುವಾಗ ಎರಡು ತಪ್ಪುಗಳು ಒಟ್ಟಿಗೆ ನುಸುಳುತ್ತವೆ. ಕಾವ್ಯದ ‘ನೂರಾರು’ ಲೆಕ್ಕದ ‘ನೂರು’ ಆಗುತ್ತದೆ. ‘ನಾವೆಗಳು’ ಎಂಬ ಪದ ‘ನೌಕಾಪಡೆ’ ಎಂಬ ಸಂಸ್ಥೆಯಾಗುತ್ತದೆ.

ಆ ನಾವೆಗಳನ್ನು ರವಿಕೀರ್ತಿ ಮದಿಸಿದ ಆನೆಗಳ ಹಿಂಡಿಗೆ ಹೋಲಿಸಿದ್ದಾನೆ. ಇದು ಕೇವಲ ಅಲಂಕಾರವೆಂದು ಬಿಡುವಂತಿಲ್ಲ. ಚಾಲುಕ್ಯರ ಸೈನ್ಯದಲ್ಲಿ ಆನೆಗಳಿಗಿದ್ದ ಮಹತ್ವವನ್ನು ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗನೂ ಬರೆದಿದ್ದಾನೆ. ಪರಿಚಿತವಾದ ಸೇನಾಂಗದ ಮೂಲಕ ಅಪರಿಚಿತವಾದುದನ್ನು ಕವಿ ಓದುಗರಿಗೆ ತಿಳಿಸುತ್ತಿದ್ದಾನೆ. ಕಡಲಿನ ಮೇಲಿನ ಬಲಕ್ಕೆ ಸ್ವಂತದ ಹೆಸರಿಲ್ಲದಾಗ ನೆಲದ ಸೈನ್ಯದ ಹೆಸರೇ ಅದಕ್ಕೆ ಸಾಲ ಬರುತ್ತದೆ. ಹಡಗುಗಳು ಅರಸನವೆ, ಕರಾವಳಿಯ ಸಾಮಂತರವೆ, ವ್ಯಾಪಾರಿಗಳಿಂದ ಪಡೆದವೆ ಎಂಬುದನ್ನು ಶಾಸನ ತಿಳಿಸುವುದಿಲ್ಲ. ಶಾಸನದಿಂದ ಖಚಿತವಾಗುವುದು ಇಷ್ಟು: 7ನೆಯ ಶತಮಾನದಲ್ಲಿ ಬಾದಾಮಿಯ ಅರಸನಿಗೆ ಒಂದು ಮುತ್ತಿಗೆಗೆ ಬೇಕಾದಷ್ಟು ಹಡಗುಗಳನ್ನು ಒಟ್ಟುಗೂಡಿಸುವ ಶಕ್ತಿಯಿತ್ತು. ಇದು ಸಣ್ಣ ಸಂಗತಿಯಲ್ಲ. ಆದರೆ ಇದು ಸ್ಥಾಯೀ ನೌಕಾಪಡೆಯೂ ಅಲ್ಲ.

ಈ ಲಕ್ಷಣ ಚಾಲುಕ್ಯರಿಗಷ್ಟೇ ಸೀಮಿತವಲ್ಲ. 11ನೆಯ ಶತಮಾನದಲ್ಲಿ ಕಡಾರದವರೆಗೆ ದಂಡಯಾತ್ರೆ ಕಳುಹಿಸಿದ ರಾಜೇಂದ್ರ ಚೋಳನ ತಮಿಳು ಮೆಯ್‌ಕೀರ್ತಿಯೂ ಅಲೆಗಳ ಕಡಲಿನ ನಡುವೆ ಅನೇಕ ‘ಕಲಂ’ಗಳನ್ನು, ಅಂದರೆ ಹಡಗುಗಳನ್ನು, ಕಳುಹಿಸಿದನೆಂದು ಮಾತ್ರ ಹೇಳುತ್ತದೆ. ಅಲ್ಲಿಯೂ ಎದ್ದು ಕಾಣುವುದು ಹಡಗುಗಳ ಬಾಹುಳ್ಯ.

ವೇಲಾಕುಲ, ಹಡಗುಗಳ ಸೇತುವೆ, ಸಮುದ್ರಾಧೀಶ್ವರ

ರಾಷ್ಟ್ರಕೂಟರ ಕಾಲದ ಆಕರಗಳಲ್ಲಿ ಎದ್ದು ಕಾಣುವ ಪದ ‘ವೇಲಾಕುಲ’, ಅಂದರೆ ಬಂದರು. ಮೂರನೆಯ ಇಂದ್ರನ ಕಾಲದ ಚಿಂಚಣಿ ತಾಮ್ರಶಾಸನ (ಶಕ 848, ಕ್ರಿ.ಶ. 926) ಸಂಯಾನ ಮಂಡಲವನ್ನು ಆಳುತ್ತಿದ್ದ ತಾಜಿಕ ವಂಶದ ಮಧುಮತಿಯನ್ನು, ಎಂದರೆ ಮುಹಮ್ಮದನೆಂಬ ಅರಬನನ್ನು, ಪರಿಚಯಿಸುತ್ತದೆ. ಅವನು ತನ್ನ ಒಡೆಯನ ಪರವಾಗಿ ಸುತ್ತಲಿನ ವೇಲಾಕುಲಗಳ ಅಧಿಪತಿಗಳನ್ನು ಗೆದ್ದು ಅಲ್ಲಿ ತನ್ನ ಅಧಿಕಾರಿಗಳನ್ನು ನೇಮಿಸಿದನು. ಹೊಳೆ ದಾಟಲು ದೋಣಿಯ ಸೌಕರ್ಯವನ್ನು ಏರ್ಪಡಿಸಿದನು. ಮಾನ್ಯಖೇಟದ ಅರಸನು ಕಡಲನ್ನು ಹಿಡಿದಿಟ್ಟುಕೊಂಡ ಬಗೆ ಇಲ್ಲಿ ಸ್ಪಷ್ಟವಾಗುತ್ತದೆ. ಹಡಗುಗಳ ಸೈನ್ಯವನ್ನು ಸಾಕುವುದಕ್ಕೆ ಬದಲಾಗಿ ಕಡಲನ್ನು ಬಲ್ಲ ಸಮುದಾಯದವನಿಗೆ ಬಂದರುಗಳ ಆಡಳಿತವನ್ನು ಒಪ್ಪಿಸುವುದು ಅವನ ನೀತಿ. 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ವೇಲಾಕುಲವನ್ನು ಸುಂಕದ ಮೂಲವಾಗಿ, ರಕ್ಷಿಸಬೇಕಾದ ಸ್ಥಳವಾಗಿ ಕಾಣುತ್ತದೆ.

ಗೋವೆಯ ಕದಂಬರ ಸ್ಥಿತಿ ಬೇರೆಯಾಗಿತ್ತು. ಅವರ ನೆಲೆಯೇ ಕರಾವಳಿ. ಧಾರವಾಡ ಸಮೀಪದ ನರೇಂದ್ರದ ಕನ್ನಡ ಶಾಸನವು ಚಟ್ಟಯ್ಯನೆಂಬ ಷಷ್ಠದೇವನು ಕವಡಿದ್ವೀಪವನ್ನು ಗೆದ್ದು, ಲಂಕೆಯವರೆಗೆ ಹಡಗುಗಳ ಸಾಲಿನಿಂದ ಸೇತುವೆ ಕಟ್ಟಿಸಿದನೆಂದು ಕೊಂಡಾಡುತ್ತದೆ. ಇಲ್ಲಿ ಹೋಲಿಕೆಯ ನೆಲೆ ಬದಲಾಗಿದೆ. ಹಡಗು ಇನ್ನು ಆನೆಯಲ್ಲ, ಸೇತುವೆಯ ಕಲ್ಲು. ರಾಮಾಯಣದ ನೆನಪು ಇಲ್ಲಿ ಕೆಲಸ ಮಾಡಿದೆ. ಇದೇ ಮನೆತನದ ಗುಹಲ್ಲದೇವನು ಸೋಮನಾಥಕ್ಕೆ ಯಾತ್ರೆ ಹೊರಟಾಗ ಹಡಗಿನ ಕೂವೆಮರ ಮುರಿದು ಗೋವೆಯ ಬಂದರಿನಲ್ಲಿ ಆಶ್ರಯ ಪಡೆದನೆಂದೂ, ಅರಬ ವ್ಯಾಪಾರಿಯೊಬ್ಬ ನೆರವಾದನೆಂದೂ 11ನೆಯ ಶತಮಾನದ ತಾಮ್ರಶಾಸನ ಹೇಳುತ್ತದೆ. ಅರಸರೂ ವ್ಯಾಪಾರಿಗಳೂ ಒಂದೇ ಹಡಗಿನ ಲೋಕದಲ್ಲಿದ್ದ ಈ ಸನ್ನಿವೇಶದಲ್ಲಿ ಯುದ್ಧದ ಹಡಗು, ವ್ಯಾಪಾರದ ಹಡಗು, ಯಾತ್ರೆಯ ಹಡಗು ಎಂಬ ಭೇದ ಇಂದಿನಷ್ಟು ಬಿಗಿಯಾಗಿರಲಿಲ್ಲ. ಕಡಲಿನ ಕಾದಾಟಗಳಿಗೆ ಶಿಲ್ಪದ ಸಾಕ್ಷ್ಯವೂ ಇದೆ. ಮುಂಬಯಿಯ ಬೋರಿವಲಿ ಸಮೀಪದ ಎಕ್ಸಾರದ ವೀರಗಲ್ಲುಗಳಲ್ಲಿ ಹುಟ್ಟುಹಾಕುವವರಿಂದ ತುಂಬಿದ ಹಡಗುಗಳು ಸೆಣಸುತ್ತಿವೆ. ವಸ್ತು ಇದೆ, ವೀರರಿದ್ದಾರೆ. ಅವರ ಪಡೆಗೆ ಪ್ರತ್ಯೇಕ ಹೆಸರು ಮಾತ್ರ ಅಲ್ಲಿ ಬೇಕಾಗಿಲ್ಲ.

ಕನ್ನಡ ಶಾಸನಗಳಲ್ಲಿ ಆನೆ ಕುದುರೆಗಳ ಮೇಲ್ವಿಚಾರಕರಿಗೆ ‘ಸಾಹಣಿ’ ಎಂಬ ಪದವಿ ಸುಪರಿಚಿತ. ಹಡಗುಗಳಿಗೆ ಸಂಬಂಧಿಸಿದ ಇಂಥ ಸೇನಾಪದವಿ ಅಷ್ಟು ರೂಢಿಗೆ ಬರಲಿಲ್ಲ. ಇದಕ್ಕೆ ಬದಲಾಗಿ ಅರಸರ ಬಿರುದಾವಳಿಯಲ್ಲಿ ಕಡಲು ಬಂತು. ವಿಜಯನಗರದ ಅರಸರು ಮೊದಲು ಪೂರ್ವ ಪಶ್ಚಿಮ ಸಮುದ್ರಗಳಿಗೂ ಮುಂದೆ ದಕ್ಷಿಣ ಸಮುದ್ರಕ್ಕೂ ‘ಅಧೀಶ್ವರ’ರೆನಿಸಿದರು. ಈ ಬಿರುದು ಕಡಲ ಪಡೆಯ ಪುರಾವೆಯಲ್ಲ. ರಾಜ್ಯದ ಎಲ್ಲೆಯ ಘೋಷಣೆ. ನೆಲ ಮುಗಿಯುವವರೆಗೂ ತನ್ನ ಆಳ್ವಿಕೆ ಎಂಬುದೇ ಅದರ ಅರ್ಥ.

ಕಡಲಿನ ನಿಜವಾದ ಬಲ ಇದ್ದುದು ಈ ಬಿರುದಿನ ನೆರಳಿನಲ್ಲಿದ್ದ ಬಂದರಿನ ಒಡೆಯರಲ್ಲಿ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅಲ್ಲಿನ ಸುಲ್ತಾನ ಜಮಾಲುದ್ದೀನ್ ಮುಹಮ್ಮದನ ಕಡಲಬಲವನ್ನು ಹೊಗಳಿದ್ದಾನೆ. ಸಂದಾಪುರದ (ಗೋವೆ) ದಾಳಿಗೆ ಅವನು 52 ಹಡಗುಗಳನ್ನು ಸಜ್ಜುಗೊಳಿಸಿದನೆಂದೂ, ಕುದುರೆಗಳನ್ನು ಸಾಗಿಸಲು ಹಿಂಬದಿ ತೆರೆದಿರುವ ‘ತರೀದಾ’ ಎಂಬ ಹಡಗುಗಳಿದ್ದವೆಂದೂ ಬರೆದಿದ್ದಾನೆ. ಅದೇ ಸುಲ್ತಾನನು ಹರ್ಯಬನೆಂಬ ದೊಡ್ಡ ಅರಸನಿಗೆ ಅಧೀನನೆಂದೂ ಹೇಳಿದ್ದಾನೆ. ಇವನನ್ನು ಒಂದನೆಯ ಹರಿಹರನೆಂದು ಗುರುತಿಸುವುದು ವಾಡಿಕೆ. ಹೀಗೆ ‘ಸಮುದ್ರಾಧೀಶ್ವರ’ನಿಗೆ ಬಿರುದು, ಅಧೀನನಿಗೆ ಹಡಗು ಎಂಬ ವಿಭಜನೆ ಏರ್ಪಟ್ಟಿತ್ತು.

ಆರ್ಮಾಡಾ ಮತ್ತು ಆರಮಾರ

1498ರಲ್ಲಿ ವಾಸ್ಕೋ ಡ ಗಾಮ ಕಾರವಾರದ ಬಳಿಯ ಅಂಜದೀವಿಯಲ್ಲಿ ತಂಗಿದ. 1505ರಲ್ಲಿ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದ; ಅದೇ ವರ್ಷ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟ. ಇವರೊಡನೆ ‘ಆರ್ಮಾಡಾ’ ಎಂಬ ಪದ ಪಶ್ಚಿಮ ಕರಾವಳಿಗೆ ಬಂತು. ಲ್ಯಾಟಿನ್ನಿನ ‘ಆಯುಧ ತೊಡಿಸು’ ಎಂಬರ್ಥದ ಧಾತುವಿನಿಂದ ಬಂದ ಈ ಪದದಲ್ಲಿ ಹಡಗೂ ಇಲ್ಲ, ಕಡಲೂ ಇಲ್ಲ, ಇರುವುದು ಆಯುಧ. ಪೋರ್ಚುಗೀಸರು ತಂದ ಬದಲಾವಣೆಯ ಸಾರ ಇದೇ. ಫಿರಂಗಿ ಹೊತ್ತ ಹಡಗು, ಅದರ ಬೆದರಿಕೆಯ ಮೇಲೆ ನಿಂತ ‘ಕರ್ತಾಜ್’ ಎಂಬ ರಹದಾರಿ, ಅದಿಲ್ಲದ ಹಡಗನ್ನು ವಶಪಡಿಸಿಕೊಳ್ಳುವ ಹಕ್ಕುಸಾಧನೆ, ಇವು ಕಡಲನ್ನು ಮೊದಲ ಬಾರಿಗೆ ನೆಲದಂತೆ ಆಳಬಹುದಾದ ವಸ್ತುವನ್ನಾಗಿ ಮಾಡಿದವು.

ಹೆಸರಿಡುವ ಅಧಿಕಾರವೂ ಇದರೊಡನೆ ಬಂತು. ಹೊನ್ನಾವರದ ತಿಮ್ಮೋಜನು ಪೋರ್ಚುಗೀಸ್ ಬರಹಗಳಲ್ಲಿ ಕಡಲ್ಗಳ್ಳನಾಗಿ ಕಾಣಿಸಿಕೊಂಡು, 1510ರಲ್ಲಿ ಗೋವೆಯ ಮೇಲಿನ ದಾಳಿಗೆ ನೆರವಾದಾಗ ಮಿತ್ರನಾಯಕನಾಗುತ್ತಾನೆ. ಹಡಗುಗಳು ಅವೇ, ಮನುಷ್ಯನೂ ಅವನೇ. ಮುಂದೆ ಮರಾಠರ ಕಡಲಬಲದ ಮುಖ್ಯಸ್ಥನಾಗಿ ‘ಸರಖೇಲ’ ಎನಿಸಿದ ಕಾನ್ಹೋಜಿ ಆಂಗ್ರೆಯನ್ನು ಇಂಗ್ಲಿಷರು ಕಡಲ್ಗಳ್ಳನೆಂದೇ ಕರೆದರು. ತನ್ನದು ಪಡೆ, ಎದುರಾಳಿಯದು ದರೋಡೆ ಎಂಬ ಈ ವಿಂಗಡಣೆಯನ್ನು ಇಂದಿನ ಇತಿಹಾಸಕಾರ ಆಕರಗಳಿಂದ ಹಾಗೆಯೇ ಎತ್ತಿಕೊಳ್ಳುವಂತಿಲ್ಲ.

‘ಆರ್ಮಾಡಾ’ ಮರಾಠಿಯಲ್ಲಿ ‘ಆರಮಾರ’ವಾಯಿತು. ಶಿವಾಜಿಯ ಆರಮಾರದ ನೇರ ಅನುಭವ ಕನ್ನಡ ಕರಾವಳಿಗೆ ಆದುದು 1665ರ ಫೆಬ್ರವರಿಯಲ್ಲಿ. ಸುಮಾರು 85 ಚಿಕ್ಕ ಯುದ್ಧನಾವೆಗಳು ಮತ್ತು 3 ದೊಡ್ಡ ಹಡಗುಗಳೊಡನೆ ಸ್ವತಃ ಶಿವಾಜಿಯೇ ಬಂದು ಕೆಳದಿ ರಾಜ್ಯದ ಶ್ರೀಮಂತ ಬಂದರಾದ ಬಸರೂರನ್ನು ಸೂರೆಮಾಡಿ ಗೋಕರ್ಣದ ಮಾರ್ಗವಾಗಿ ಹಿಂದಿರುಗಿದನು. ಈ ಹೊಸ ವಸ್ತುವಿನ ಸ್ಥಾನವನ್ನು ಶಾಸ್ತ್ರದ ಭಾಷೆಯಲ್ಲಿ ನಿರ್ಣಯಿಸಿದವನು ರಾಮಚಂದ್ರಪಂತ ಅಮಾತ್ಯ. 1715ರ ಆಜ್ಞಾಪತ್ರದಲ್ಲಿ ಅವನು ಆರಮಾರವನ್ನು ರಾಜ್ಯದ ಸ್ವತಂತ್ರ ಅಂಗವೆಂದು ಸಾರಿದ್ದಾನೆ. ಅಶ್ವಬಲವುಳ್ಳವನಿಗೆ ಭೂಮಿ ದಕ್ಕುವಂತೆ ಆರಮಾರವುಳ್ಳವನಿಗೆ ಕಡಲು ದಕ್ಕುತ್ತದೆ ಎಂಬುದು ಅವನ ವಾದ. ರಾಜ್ಯಕ್ಕೆ ಏಳು ಅಂಗಗಳು, ಸೈನ್ಯಕ್ಕೆ ನಾಲ್ಕು ಅಂಗಗಳು ಎಂದು ಎಣಿಸುತ್ತ ಬಂದ ಪರಂಪರೆಯಲ್ಲಿ ಇದು ದೊಡ್ಡ ತಿರುವು. ಇದನ್ನು ಹೇಳುವುದಕ್ಕೆ ಅವನಿಗೆ ಒದಗಿದ ಪದ ಪೋರ್ಚುಗೀಸ್ ಮೂಲದ್ದಾಗಿತ್ತೆಂಬುದು ಆಕಸ್ಮಿಕವಲ್ಲ. ಹಳೆಯ ಪದಗಳು ಹಡಗನ್ನು ಹೆಸರಿಸುತ್ತಿದ್ದವೇ ಹೊರತು ಈ ಸಂಸ್ಥೆಯನ್ನು ಹೆಸರಿಸುತ್ತಿರಲಿಲ್ಲ.

ಮೈಸೂರು: ಅಶ್ವದಳದಿಂದ ಮೀರ್ ಯಮ್‌ವರೆಗೆ

1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಗೆ ಮಂಗಳೂರು, ಹೊನ್ನಾವರಗಳಂಥ ಬಂದರುಗಳು ದೊರೆತವು. ಅವನು ಹಡಗುಗಳನ್ನು ಕಟ್ಟಿಸಿದ. ಕಣ್ಣನೂರಿನ ಅಲಿ ರಾಜನ ನೆರವು ಪಡೆದ. 1768ರಲ್ಲಿ ಮುಂಬಯಿಯಿಂದ ಬಂದ ಇಂಗ್ಲಿಷ್ ಹಡಗುಗಳು ಮಂಗಳೂರಿನ ಮೇಲೆ ಎರಗಿದಾಗ ಅವನ ಹಡಗುಗಳ ನಾಯಕರು ಕಾದಾಡದೆ ವೈರಿಯ ಕಡೆ ಸೇರಿದರು. ಅಶ್ವದಳದ ಅಧಿಕಾರಿಯಾದ ಲುತ್ಫ್ ಅಲಿ ಬೇಗ್‌ನನ್ನು ತಮ್ಮ ಮೇಲೆ ನೇಮಿಸಿದ್ದು ಅವರ ಅಸಮಾಧಾನಕ್ಕೆ ಕಾರಣವಾಯಿತೆಂದು ಬ್ರಿಟಿಷ್ ಬರವಣಿಗೆಗಳು ತಿಳಿಸುತ್ತವೆ. ಇಲ್ಲಿ ಹಡಗುಗಳಿವೆ, ಹಣವಿದೆ, ಅರಸನ ಇಚ್ಛೆಯೂ ಇದೆ. ಆದರೆ ಕುದುರೆಯ ಮೇಲೆ ಸಮರ್ಥನಾದವನು ಹಡಗಿನ ಮೇಲೂ ಸಮರ್ಥನೆಂಬ ನೆಲದ ಸೈನ್ಯದ ತರ್ಕ ಬಿಟ್ಟುಹೋಗಿಲ್ಲ. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲಿದ್ದ ಹೈದರನ ಹಡಗುಗಳನ್ನು ನಾಶಪಡಿಸಿದನು.

ಟಿಪ್ಪು ಸುಲ್ತಾನನ ಕಾಲದಲ್ಲಿ ಬದಲಾವಣೆ ಮೊದಲು ಭಾಷೆಯಲ್ಲಿ ಕಾಣಿಸುತ್ತದೆ. ಆರಂಭದಲ್ಲಿ ಹಡಗುಗಳು ‘ಮಲಿಕುತ್ತುಜ್ಜಾರ್’ ಎಂಬ ವ್ಯಾಪಾರ ಇಲಾಖೆಯ ಅಧೀನದಲ್ಲಿದ್ದವು. 1796ರಲ್ಲಿ ಅವುಗಳನ್ನು ಪ್ರತ್ಯೇಕಿಸಿ ‘ಮೀರ್ ಯಮ್’ ಎಂಬ ಹೊಸ ಪದವಿಯ 11 ಮಂದಿಯ ಮಂಡಳಿಗೆ ಒಪ್ಪಿಸಲಾಯಿತು. ಅವರ ಕೈಕೆಳಗೆ 30 ಮಂದಿ ‘ಮೀರ್ ಬಹರ್’ಗಳು. ‘ಯಮ್’, ‘ಬಹರ್’ ಎರಡೂ ಕಡಲನ್ನು ಸೂಚಿಸುವ ಅರಬ್ಬೀ ಪದಗಳು. ‘ಮೀರ್ ಬಹರ್’ ಮೊಘಲರ ಆಡಳಿತದಲ್ಲಿ ಹಿಂದಿನಿಂದಲೂ ಇದ್ದ ಪದವಿ. ಅದರ ಮೇಲೊಂದು ಪದವಿಯನ್ನು ಸೃಷ್ಟಿಸಲು ಟಿಪ್ಪುವಿಗೆ ಹೊಸ ಹೆಸರೇ ಬೇಕಾಯಿತು. 20 ದೊಡ್ಡ ಯುದ್ಧನೌಕೆಗಳು ಮತ್ತು 20 ಫ್ರಿಗೇಟುಗಳು ಸೇರಿ 40 ಹಡಗುಗಳ ಯೋಜನೆ ಸಿದ್ಧವಾಯಿತು. ಇವನ್ನು ಜಮಾಲಾಬಾದ್ (ಮಂಗಳೂರು), ವಾಜಿದಾಬಾದ್ ಮತ್ತು ಮಜೀದಾಬಾದ್ (ಸದಾಶಿವಗಡ) ಎಂಬ ಮೂರು ಕಚೇರಿಗಳಿಗೆ ಹಂಚಲಾಯಿತು. ನಾವಿಕರ ಸಂಬಳ, ಹಡಗು ಕಟ್ಟುವ ಮರ, ಅಧಿಕಾರಿಗಳ ಶ್ರೇಣಿ ಎಲ್ಲಕ್ಕೂ ಕಟ್ಟಳೆಗಳಾದವು. 1811ರಲ್ಲಿ ಟಿಪ್ಪುವಿನ ಪತ್ರಗಳನ್ನು ಪ್ರಕಟಿಸಿದ ವಿಲಿಯಂ ಕಿರ್ಕ್‌ಪ್ಯಾಟ್ರಿಕ್‌ನ ಗ್ರಂಥದಿಂದ ಈ ಕಟ್ಟಳೆಗಳು ತಿಳಿದುಬರುತ್ತವೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದಾಗ ಈ ಯೋಜನೆ ಪೂರ್ಣಗೊಂಡಿರಲಿಲ್ಲ. ಇದರಿಂದ ಒಂದು ವಿಚಿತ್ರ ವೈದೃಶ್ಯ ಹೊರಡುತ್ತದೆ. ಪುಲಿಕೇಶಿಯ ಬಳಿ ಹಡಗುಗಳಿದ್ದವು, ಸಂಸ್ಥೆಯ ಹೆಸರಿರಲಿಲ್ಲ. ಟಿಪ್ಪುವಿನ ಬಳಿ ಸಂಸ್ಥೆಯ ಹೆಸರೂ ಕಟ್ಟಳೆಯೂ ಇದ್ದವು, ಯೋಜಿಸಿದ ಹಡಗುಗಳು ಇನ್ನೂ ಕಡಲಿಗಿಳಿಯಬೇಕಾಗಿತ್ತು. ‘ನೌಕಾಪಡೆ’ ಎಂಬ ಒಂದೇ ಪದವನ್ನು ಇಬ್ಬರಿಗೂ ಅನ್ವಯಿಸಿದಾಗ ಮರೆಯಾಗುವುದು ಈ ಅಂತರವೇ.

ಆಧುನಿಕ ಬಳಕೆ

ಬ್ರಿಟಿಷರ ಆಳ್ವಿಕೆಯಲ್ಲಿ ಈ ಸಂಸ್ಥೆಯ ಹೆಸರು ಹಲವು ಬಾರಿ ಬದಲಾಯಿತು. ಬಾಂಬೆ ಮೆರೈನ್ 1830ರಲ್ಲಿ ಇಂಡಿಯನ್ ನೇವಿ ಆಯಿತು, 1863ರಲ್ಲಿ ಮತ್ತೆ ‘ಮೆರೈನ್’ಗೆ ಇಳಿಯಿತು, 1892ರಲ್ಲಿ ರಾಯಲ್ ಇಂಡಿಯನ್ ಮೆರೈನ್ ಎನಿಸಿ, 1934ರಲ್ಲಿ ರಾಯಲ್ ಇಂಡಿಯನ್ ನೇವಿಯಾಗಿ, 1950ರ ಜನವರಿ 26ರಂದು ಭಾರತೀಯ ನೌಕಾಪಡೆಯಾಯಿತು. ‘ಮೆರೈನ್’ ಮತ್ತು ‘ನೇವಿ’ಗಳ ನಡುವಿನ ಈ ಏರಿಳಿತ ಕೇವಲ ಹೆಸರಿನದಲ್ಲ. ಸಾಗಾಟ, ಸಮೀಕ್ಷೆ ಮತ್ತು ಗಸ್ತಿನ ಇಲಾಖೆಯೆ ಅಥವಾ ಯುದ್ಧದ ಅಂಗವೆ ಎಂಬ ಹಳೆಯ ಪ್ರಶ್ನೆಯೇ ಅಲ್ಲಿಯೂ ಇದೆ. 1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಮುಷ್ಕರವಾಗಿ ಆರಂಭವಾದ ಘಟನೆಯನ್ನು ಕನ್ನಡದಲ್ಲಿ ‘ನೌಕಾದಂಗೆ’ ಎಂದೂ ‘ನಾವಿಕರ ಬಂಡಾಯ’ ಎಂದೂ ಕರೆಯುವುದುಂಟು. ಮೊದಲನೆಯದು ಸಂಸ್ಥೆಯನ್ನೂ ಎರಡನೆಯದು ಅದರಲ್ಲಿದ್ದ ಮನುಷ್ಯರನ್ನೂ ಮುಂದಿಡುತ್ತದೆ.

ಭಾರತೀಯ ಭಾಷೆಗಳು ಈ ಸಂಸ್ಥೆಗೆ ಕೊಟ್ಟ ಹೆಸರುಗಳಲ್ಲಿ ಮೂರು ನೆಲೆಗಳಿವೆ. ಹಿಂದಿಯ ‘ನೌಸೇನಾ’, ಮರಾಠಿಯ ‘ನೌದಲ’, ಬಂಗಾಳಿಯ ‘ನೌವಾಹಿನಿ’ಗಳಲ್ಲಿ ಹಡಗು ಮುಖ್ಯ; ಮಲಯಾಳದ ‘ನಾವಿಕಸೇನ’ದಲ್ಲಿ ನಾವಿಕ ಮುಖ್ಯ; ತಮಿಳಿನ ‘ಕಡಱ್‌ಪಡೈ’ಯಲ್ಲಿ ಕಡಲೇ ಮುಖ್ಯ. ಕನ್ನಡವು ಪೂರ್ವಪದದಲ್ಲಿ ಮೊದಲ ಗುಂಪಿಗೂ ಉತ್ತರಪದದಲ್ಲಿ ತಮಿಳಿಗೂ ಸಮೀಪವಾಗಿದೆ. ‘ನೌಕಾದಳ’, ‘ನೌಕಾಬಲ’, ‘ಜಲಸೇನೆ’ ಎಂಬ ಪರ್ಯಾಯಗಳೂ ಬಳಕೆಯಲ್ಲಿವೆ. ಪತ್ರಿಕೆ ಮತ್ತು ಪಠ್ಯಗಳ ಮೂಲಕ ‘ಭೂಸೇನೆ, ನೌಕಾಪಡೆ, ವಾಯುಪಡೆ’ ಎಂಬ ತ್ರಯ ರೂಢಿಯಾಗಿ, ಚತುರಂಗದ ಹಳೆಯ ಎಣಿಕೆಯ ಸ್ಥಾನವನ್ನು ಆಕ್ರಮಿಸಿತು. 1978ರ ಕಾಯಿದೆಯಿಂದ ಸ್ಥಾಪಿತವಾದ ‘ಕರಾವಳಿ ಕಾವಲು ಪಡೆ’ ಈಗ ಬೇರೆಯೇ ಆದ ಸಂಸ್ಥೆ. ನಾವಧ್ಯಕ್ಷನನ್ನು ಭಾಷಾಂತರಿಸುವವರಿಗೆ ಈ ಭೇದ ಉಪಯೋಗಕ್ಕೆ ಬರುವಂಥದ್ದು.

ತೊಡಕು ಉಂಟಾಗುವುದು ಇಂಗ್ಲಿಷ್ ಇತಿಹಾಸಗ್ರಂಥಗಳ ಭಾಷಾಂತರದಲ್ಲಿ. ‘ನೇವಿ’, ‘ಫ್ಲೀಟ್’, ‘ಸ್ಕ್ವಾಡ್ರನ್’, ‘ಆರ್ಮಾಡಾ’ ಎಂಬ ನಾಲ್ಕಕ್ಕೂ ಕನ್ನಡದಲ್ಲಿ ‘ನೌಕಾಪಡೆ’ ಎಂದೇ ಬರೆಯುವ ರೂಢಿಯಿದೆ. ‘ಫ್ಲೀಟ್’ ಎಂದರೆ ಒಟ್ಟಾಗಿ ಸಾಗುವ ಹಡಗುಗಳ ಸಮೂಹ. ಅದು ಒಂದು ದಾಳಿಗೆ ಕೂಡಿ ಚದುರಬಹುದು. ‘ನೇವಿ’ ಎಂದರೆ ಯುದ್ಧವಿಲ್ಲದಾಗಲೂ ಉಳಿಯುವ ಸಂಸ್ಥೆ. ಪುಲಿಕೇಶಿಯದು, ಹೊನ್ನಾವರದ ಸುಲ್ತಾನನದು ಮೊದಲನೆಯ ಬಗೆ. ಆಜ್ಞಾಪತ್ರದ ಆರಮಾರವೂ ಟಿಪ್ಪುವಿನ ಮೀರ್ ಯಮ್ ವ್ಯವಸ್ಥೆಯೂ ಎರಡನೆಯ ಬಗೆಯನ್ನು ಉದ್ದೇಶಿಸಿದವು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಹೊರಡುವ ತೀರ್ಮಾನವನ್ನು ಹೀಗೆ ಸಂಗ್ರಹಿಸಬಹುದು. ಕನ್ನಡ ನಾಡಿನ ಅರಸರು ಕಡಲನ್ನು ಅರಿತಿದ್ದರು, ಬಳಸಿದರು, ಅದರ ಮೇಲೆ ಕಾದಾಡಿದರು. ಬಹುಕಾಲ ಅವರು ಅದನ್ನು ಮಾಡಿದ್ದು ಬಂದರಿನ ಒಡೆಯರು, ವ್ಯಾಪಾರಿಗಳು ಮತ್ತು ಕರಾವಳಿಯ ಸಾಮಂತರ ಮೂಲಕ. ಆದುದರಿಂದಲೇ ಆಕರಗಳಲ್ಲಿ ‘ನಾವೆ’, ‘ವೇಲಾಕುಲ’, ‘ಸಮುದ್ರಾಧೀಶ್ವರ’ ಎಂಬ ಪದಗಳು ದೊರೆಯುತ್ತವೆ. ಪ್ರತ್ಯೇಕ ಸೇನಾಂಗವನ್ನು ಹೆಸರಿಸುವ ಪದಗಳು ದಖ್ಖನಿನಲ್ಲಿ ಕಾಣಿಸಿಕೊಂಡದ್ದು ಫಿರಂಗಿ ಹೊತ್ತ ಹಡಗು ಬಂದ ಮೇಲೆ. ಅವು ಪೋರ್ಚುಗೀಸ್ ಮತ್ತು ಅರಬ್ಬೀ ಮೂಲದವು. ‘ನೌಕಾಪಡೆ’ ಇವುಗಳ ಉತ್ತರಾಧಿಕಾರಿಯೇ ಹೊರತು ರವಿಕೀರ್ತಿಯ ಪದದ ಅನುವಾದವಲ್ಲ.

ಈ ದೃಷ್ಟಿಯಿಂದ ಇತಿಹಾಸದ ಬರವಣಿಗೆಯಲ್ಲಿ ಒಂದು ವಿವೇಚನೆ ಅಗತ್ಯ. ಒಂದು ಕಾರ್ಯಕ್ಕಾಗಿ ಕೂಡಿಬಂದ ಹಡಗುಗಳಿಗೆ ‘ಹಡಗುಗಳ ಸಮೂಹ’ ಅಥವಾ ‘ಹಡಗುಪಡೆ’ ಎಂಬ ಮಾತು ಸಾಕು. ಸ್ಥಾಯಿಯಾದ ಹಡಗುಗಳು, ಪ್ರತ್ಯೇಕ ಅಧಿಕಾರಶ್ರೇಣಿ, ನಿಗದಿತ ನೆಲೆ ಮತ್ತು ರಾಜ್ಯದ ವೆಚ್ಚ ಎಂಬ ನಾಲ್ಕು ಲಕ್ಷಣಗಳಿಗೆ ಆಕರದ ಬೆಂಬಲವಿದ್ದಾಗ ಮಾತ್ರ ‘ನೌಕಾಪಡೆ’ ಎಂಬ ಪದವನ್ನು ಬಳಸುವುದು ಉಚಿತ. ಆಕರದ ಮೂಲಪದವನ್ನು ಜೊತೆಯಲ್ಲಿ ಕೊಡುವುದು ಇನ್ನೂ ಒಳ್ಳೆಯದು. ಇದರಿಂದ ಪುಲಿಕೇಶಿಯ ಸಾಧನೆ ಕಿರಿದಾಗುವುದಿಲ್ಲ. ಸ್ಥಾಯೀ ಪಡೆಯಿಲ್ಲದೆ ನೂರಾರು ನಾವೆಗಳನ್ನು ಕೂಡಿಸಲು ಬೇಕಾದ ರಾಜಕೀಯ ಸಾಮರ್ಥ್ಯ, ಕರಾವಳಿಯ ಜನರೊಡನೆ ಬೇಕಾದ ಹೊಂದಾಣಿಕೆ ಎಂಥದು ಎಂಬ ಪ್ರಶ್ನೆ ಆಗಲೇ ಏಳುತ್ತದೆ. ಹಡಗು ಕಟ್ಟಿದವರು, ಹುಟ್ಟುಹಾಕಿದವರು, ಚುಕ್ಕಾಣಿ ಹಿಡಿದವರು ಯಾರೆಂಬ ವಿಚಾರಣೆಗೂ ಅಲ್ಲಿಂದಲೇ ದಾರಿ ತೆರೆಯುತ್ತದೆ.

ಹೆಸರುಗಳ ಮೂಲಕ ಇಂದಿನ ಸಂಸ್ಥೆಗಳು ಹಳೆಯ ನೆನಪನ್ನು ಉಳಿಸಿಕೊಂಡಿವೆ. 2005ರ ಮೇ 31ರಂದು ಕಾರವಾರದಲ್ಲಿ ಕಾರ್ಯಾರಂಭ ಮಾಡಿದ ನೆಲೆಗೆ ‘ಕದಂಬ’ ಎಂಬ ಹೆಸರಿದೆ. ಗಾಮ ತಂಗಿದ ಅಂಜದೀವಿ ಈಗ ಅದರ ಭಾಗ. 2012ರಲ್ಲಿ ಕರಾವಳಿ ಕಾವಲು ಪಡೆಯ ಗಸ್ತುಹಡಗೊಂದಕ್ಕೆ ಉಳ್ಳಾಲದ ರಾಣಿ ಅಬ್ಬಕ್ಕಳ ಹೆಸರನ್ನಿಡಲಾಯಿತು. ಭಾರತೀಯ ನೌಕಾಪಡೆಯ ಧ್ಯೇಯವಾಕ್ಯ ಉಪನಿಷತ್ತಿನಿಂದ ಬಂದಿದ್ದು ವರುಣನು ಮಂಗಳವನ್ನುಂಟುಮಾಡಲೆಂದು ಪ್ರಾರ್ಥಿಸುತ್ತದೆ. ರವಿಕೀರ್ತಿಯ ಪದ್ಯದಲ್ಲಿ ಕಡಲಿನ ಸೈನ್ಯ ವರುಣನದಾಗಿತ್ತು, ಅರಸನದು ಅದರ ಬಿಂಬವನ್ನು ಮೂಡಿಸಿದ ನೆಲದ ಸೈನ್ಯ. ಇಂದು ಸೈನ್ಯ ರಾಷ್ಟ್ರದ್ದು, ವರುಣನದು ಅನುಗ್ರಹ ಮಾತ್ರ. ಈ ಎರಡು ಸ್ಥಿತಿಗಳ ನಡುವಿನ ಸುಮಾರು 1400 ವರ್ಷಗಳ ಚರಿತ್ರೆಯನ್ನು ಬರೆಯುವವರು ‘ನೌಕಾಪಡೆ’ ಎಂಬ ಪದವನ್ನು ಆ ಚರಿತ್ರೆಯ ಆರಂಭದಲ್ಲಿ ಇಡದೆ, ಅದು ಸಲ್ಲುವ ಕೊನೆಯ ಭಾಗದಲ್ಲಿ ಇಡುವುದು ಯುಕ್ತ.